ಕೆಟ್ಟ ಕಾರನ್ನು ಪಿಕಪ್ಪಿಗೆ ಕಟ್ಟುವ ಮುನ್ನ

ನಮ್ಮ ಬೆಟ್ಟಗಳಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಕೂಡ್ಲಿಯಲ್ಲಿ ಒಂದಾಗಿ, ಮುಂದೆ ಮುನಿರಾಬಾದಿನ ಅಣೆಕಟ್ಟಿನ ಹಿಂದೆ ನಿಲ್ಲುತ್ತವೆ. ನಮ್ಮ ಸದಸ್ಯರಲ್ಲಿ ಅನೇಕರಿಗೆ ಆ ಊರು ಹೊಸದಲ್ಲ. ಕಾಫಿ ಕೊಯ್ಲು, ಅಡಿಕೆ ಸುಗ್ಗಿ ಮುಗಿದ ಮೇಲೆ ಹುಲಿಗೆಮ್ಮನ ದರ್ಶನ, ಅಣೆಕಟ್ಟು, ಹಂಪಿ, ಸಾಧ್ಯವಾದರೆ ಮಂತ್ರಾಲಯ ಎಂದು ಮನೆಮಂದಿಯೆಲ್ಲ ಕಾರಿನಲ್ಲಿ ಹೊರಡುವುದು ಈಗ ರೂಢಿಯಾಗಿದೆ. ಆದರೆ ಅದು ಅಲ್ಲಿ ಬಿಸಿಲು ಏರುವ ಕಾಲ. ಮಲೆನಾಡಿನ ತಂಪಿನಲ್ಲಿ ಓಡಿದ ಹಳೆಯ ಕಾರು ಆ ಬಯಲಿನಲ್ಲಿ ಕೈಕೊಟ್ಟರೆ ಆಶ್ಚರ್ಯವಿಲ್ಲ. ಆಗ ಮನೆಗೆ ಫೋನ್ ಬರುತ್ತದೆ: "ತೋಟದ ಪಿಕಪ್ಪು ಕಳಿಸು, ಕಟ್ಟಿಕೊಂಡು ಬಂದುಬಿಡೋಣ."

ಈ ಮಾತು ಕೇಳಲು ಸುಲಭ. ಮುನಿರಾಬಾದಿನಿಂದ ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗದ ಮೇಲೆ ಶಿವಮೊಗ್ಗಕ್ಕೆ ಸುಮಾರು 250 ಕಿ.ಮೀ. ದೂರವಿದೆ. ಅಷ್ಟು ದೂರ ಹಗ್ಗ ಕಟ್ಟಿ ಎಳೆಯಬಹುದೇ ಎಂದು ಕೇಳಿದವರಿಗೆಲ್ಲ ನಾನು ಹೇಳುವ ಉತ್ತರ ಒಂದೇ: ಬೇಡ.

ಕಾನೂನು ಏನು ಹೇಳುತ್ತದೆ?

1989ರ ರಸ್ತೆ ನಿಯಮಾವಳಿಯು ಕೆಟ್ಟ ವಾಹನವನ್ನು ಹತ್ತಿರದ ಗ್ಯಾರೇಜಿಗೋ ಪೆಟ್ರೋಲ್ ಬಂಕಿಗೋ ಎಳೆದೊಯ್ಯಲು ಮಾತ್ರ ಅವಕಾಶ ಕೊಟ್ಟಿತ್ತು. ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು, ವೇಗ ಗಂಟೆಗೆ 24 ಕಿ.ಮೀ. ದಾಟಬಾರದು, ಹಗ್ಗ ಇತರರಿಗೆ ಎದ್ದು ಕಾಣಬೇಕು, ಹಿಂದಿನ ವಾಹನದ ಸ್ಟಿಯರಿಂಗ್ ಹಿಡಿದವರಿಗೆ ಲೈಸೆನ್ಸ್ ಇರಬೇಕು ಎಂದೆಲ್ಲ ವಿಧಿಸಿತ್ತು. 2017ರಲ್ಲಿ ಹೊಸ ನಿಯಮಾವಳಿ ಬಂದರೂ ಇದರ ತಿರುಳು ಬದಲಾಗಲಿಲ್ಲ. ಗಂಟೆಗೆ 24 ಕಿ.ಮೀ. ವೇಗದಲ್ಲಿ 250 ಕಿ.ಮೀ. ಸಾಗಲು ಹತ್ತು ತಾಸಿಗೂ ಹೆಚ್ಚು ಹಿಡಿಯುತ್ತದೆ. ಲಾರಿಗಳು ಒಂದರ ಹಿಂದೊಂದು ಓಡುವ ಹೆದ್ದಾರಿಯಲ್ಲಿ ಅಷ್ಟು ಹೊತ್ತು ಹಗ್ಗದ ತುದಿಯಲ್ಲಿ ಕುಳಿತಿರುವವರು ನಮ್ಮ ಮಗನೋ ಭಾವಮೈದುನನೋ ಆಗಿರುತ್ತಾರೆಂಬುದನ್ನು ಮರೆಯಬಾರದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಎಂಜಿನ್ ನಿಂತ ಕಾರಿನಲ್ಲಿ ಬ್ರೇಕಿಗೆ ಸಿಗುವ ಸಹಾಯ ಒಂದೆರಡು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಪೆಡಲು ಕಲ್ಲಿನಂತಾಗುತ್ತದೆ, ಪವರ್ ಸ್ಟಿಯರಿಂಗ್ ಭಾರವಾಗುತ್ತದೆ. ಕೀಲಿ ತೆಗೆದರೆ ಸ್ಟಿಯರಿಂಗ್ ಬೀಗವೇ ಬೀಳಬಹುದು. ಆದ್ದರಿಂದ ಹಗ್ಗ ಹೊಸಪೇಟೆಯ ಗ್ಯಾರೇಜಿನವರೆಗೆ ಸಾಕು. ಆಟೊಮ್ಯಾಟಿಕ್ ಗೇರಿನ ಕಾರಾದರೆ ಎಂಜಿನ್ನಿನ ಶಕ್ತಿ ಪಡೆಯುವ ಚಕ್ರಗಳನ್ನು ನೆಲಕ್ಕೆ ತಾಗಿಸಿ ಅಷ್ಟು ದೂರವೂ ಎಳೆಯಬಾರದು, ಗೇರ್‌ಬಾಕ್ಸ್ ಹಾಳಾಗುತ್ತದೆ.

ಟ್ರೇಲರಿನ ಮೇಲೆ ತರುವುದಾದರೆ

ಕಾರಿನ ನಾಲ್ಕು ಚಕ್ರಗಳನ್ನೂ ಟ್ರೇಲರಿನ ಮೇಲೇರಿಸಿ ತರುವುದು ಬೇರೆಯೇ ಮಾತು. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಇರಬೇಕು. ಪಿಕಪ್ಪನ್ನು ಅದಕ್ಕೆ ಸಿದ್ಧಪಡಿಸುವಾಗ ನಮ್ಮವರು ಮೊದಲು ನೋಡುವುದು ಎಂಜಿನ್ನಿನ ಬಲವನ್ನು. ನೋಡಬೇಕಾದದ್ದು ಬ್ರೇಕನ್ನು. ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ.

ಲೆಕ್ಕ ಹೀಗಿದೆ. ಸಣ್ಣ ಕಾರು 800ರಿಂದ 1,000 ಕಿಲೋ ತೂಗುತ್ತದೆ. ಅದನ್ನು ಹೊರುವ ಟ್ರೇಲರಿನ ತೂಕ 500 ಕಿಲೋ ಎಂದಿಟ್ಟುಕೊಂಡರೆ ಒಟ್ಟು ಒಂದೂವರೆ ಟನ್ ಆಯಿತು. ಹೆಚ್ಚು ಕಡಿಮೆ ಖಾಲಿ ಪಿಕಪ್ಪಿನಷ್ಟೇ ಭಾರ. ಟ್ರೇಲರಿಗೆ ಸ್ವಂತ ಬ್ರೇಕು ಇಲ್ಲದಿದ್ದರೆ ಎರಡರ ಭಾರವನ್ನೂ ಪಿಕಪ್ಪಿನ ಬ್ರೇಕೇ ತಡೆಯಬೇಕು. ವೇಗ 40ರಿಂದ 60ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ.

"ನಮ್ಮ ಪಿಕಪ್ಪು ಒಂದೂವರೆ ಟನ್ ಗೊಬ್ಬರ ಹೊರುತ್ತದಲ್ಲ" ಎಂಬ ವಾದ ಇಲ್ಲಿ ನಿಲ್ಲದು. ಹೊರುವ ತೂಕ ಬೇರೆ, ಎಳೆಯುವ ತೂಕ ಬೇರೆ. ಕೈಪಿಡಿಯಲ್ಲಿ ಎಳೆಯುವ ತೂಕ ಎಷ್ಟೆಂದು ಬರೆದಿದೆಯೋ ಅಷ್ಟೇ. ಬರೆದೇ ಇಲ್ಲವಾದರೆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೇಳಿ ತಿಳಿಯುವವರೆಗೆ ಎಳೆಯಲು ಹೊರಡಬಾರದು.

ಹೊರಡುವ ಮೊದಲು ಈ ಕೆಳಗಿನವನ್ನು ಒಂದೊಂದಾಗಿ ನೋಡಿಕೊಳ್ಳಬೇಕು:

1. ಬ್ರೇಕು: ನಾಲ್ಕೂ ಚಕ್ರ ಬಿಚ್ಚಿಸಿ ಪ್ಯಾಡು, ಲೈನರುಗಳನ್ನು ನೋಡಿಸಿ. ಹಳೆಯ ಬ್ರೇಕ್ ಆಯಿಲ್ ತೆಗೆದು ಹೊಸದು ಹಾಕಿಸಿ. ಹಳೆಯದರಲ್ಲಿ ನೀರಿನಂಶ ಸೇರಿರುತ್ತದೆ; ಕಾದಾಗ ಕುದಿದು ಪೆಡಲು ಟೊಳ್ಳಾಗುತ್ತದೆ.

2. ಕೊಂಡಿ: ಚಾಸಿಯ ಎರಡೂ ಉದ್ದ ಪಟ್ಟಿಗಳಿಗೆ ಬೋಲ್ಟ್ ಹಾಕಿ ಕೂರಿಸಿರಬೇಕು. ಬಂಪರಿಗೆ ವೆಲ್ಡಿಂಗ್ ಮಾಡಿಸಿದ ಕೊಂಡಿಯನ್ನು ನಂಬಬೇಡಿ. ಕೊಂಡಿ ಕಳಚಿದರೂ ಟ್ರೇಲರು ಉಳಿಯುವಂತೆ ಎರಡು ಸರಪಳಿಗಳನ್ನು ಅಡಿಯಲ್ಲಿ ಅಡ್ಡಡ್ಡ ಹಾಕಬೇಕು.

3. ತಂಪು: ರೇಡಿಯೇಟರಿನ ಜಾಲರಿಯಲ್ಲಿ ಕೂತ ಧೂಳು, ತರಗು ತೆಗೆಯಿರಿ. ಕೂಲೆಂಟ್, ಫ್ಯಾನ್ ಬೆಲ್ಟು, ಹೋಸ್ ಪೈಪು, ಗೇರ್ ಆಯಿಲ್ ನೋಡಿ.

4. ಟೈರು: ಟ್ರೇಲರಿನ ಟೈರುಗಳ ಗಾಳಿಯನ್ನೂ ಬಿರುಕುಗಳನ್ನೂ ನೋಡಿ. ಟ್ರೇಲರಿಗೂ ಒಂದು ಸ್ಟೆಪ್ನಿ ಇರಲಿ.

5. ದೀಪ: ಬ್ರೇಕ್ ದೀಪ, ಇಂಡಿಕೇಟರ್ ಎರಡೂ ಟ್ರೇಲರಿನ ಹಿಂಭಾಗದಲ್ಲಿ ಉರಿಯಬೇಕು.

6. ಹೇರುವುದು: ಭಾರ ಅಚ್ಚಿಗಿಂತ ಸ್ವಲ್ಪ ಮುಂದಿರಬೇಕು. ಒಟ್ಟು ತೂಕದ ಹತ್ತನೆಯ ಒಂದು ಭಾಗದಷ್ಟು ಕೊಂಡಿಯ ಮೇಲೆ ಕೂತರೆ ಸರಿ. ಭಾರ ಹಿಂದಾದರೆ ಟ್ರೇಲರು ಬಾಲ ಬೀಸತೊಡಗುತ್ತದೆ. ಆಗ ಬ್ರೇಕ್ ಒತ್ತಬಾರದು; ಆಕ್ಸಿಲರೇಟರ್ ಬಿಟ್ಟು, ಸ್ಟಿಯರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು.

ಹೊರಟ ಮೇಲೆ ಮೊದಲ 20 ಕಿ.ಮೀ.ಗೆ ಒಮ್ಮೆ ನಿಂತು ಪಟ್ಟಿ, ನಟ್ಟು, ಸರಪಳಿ ಬಿಗಿ ಮಾಡಿ. ಚಕ್ರದ ಹಬ್ಬಿನ ಹತ್ತಿರ ಕೈಯೊಡ್ಡಿ ನೋಡಿ. ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಬೇರಿಂಗ್ ಅಥವಾ ಬ್ರೇಕು ಹಿಡಿಯುತ್ತಿದೆ ಎಂದು ಅರ್ಥ. ಬಿಸಿಲು ಏರುವ ಮೊದಲೇ ಹೊರಟು ಮಧ್ಯಾಹ್ನ ವಿಶ್ರಾಂತಿ ಕೊಡುವುದು ಮೇಲು. ಇಳಿಜಾರಿನಲ್ಲಿ ಮೂಟೆ ತುಂಬಿದ ಗಾಡಿಯನ್ನು ಇಳಿಸುವ ಹಾಗೆ, ಮೊದಲೇ ಕೆಳಗಿನ ಗೇರಿಗೆ ಬನ್ನಿ.

ಖರ್ಚಿನ ಮಾತು

ಇಷ್ಟೆಲ್ಲ ಸಿದ್ಧತೆಯ ಮೇಲೆ ಹೋಗಿ ಬರುವ 500 ಕಿ.ಮೀ. ಡೀಸೆಲ್, ಟ್ರೇಲರಿನ ಬಾಡಿಗೆ, ಇಬ್ಬರ ಎರಡು ದಿನ, ಆ ಎರಡು ದಿನ ತೋಟದಲ್ಲಿ ನಿಂತ ಕೆಲಸ, ಇವನ್ನೆಲ್ಲ ಕೂಡಿಸಿ ನೋಡಬೇಕು. ಪಿಕಪ್ಪು ಕಳಿಸುವ ಮೊದಲು ಮೂರು ಪ್ರಶ್ನೆಗಳನ್ನು ಫೋನಿನಲ್ಲೇ ಕೇಳಿಕೊಳ್ಳಿ. ಹೊಸಪೇಟೆಯಲ್ಲಿಯೇ ರಿಪೇರಿ ಆಗುವುದೇ? ಕಾರಿನ ವಿಮೆಯಲ್ಲಿ ರಸ್ತೆ ನೆರವಿನ ಸೌಲಭ್ಯ ಇದೆಯೇ, ಇದ್ದರೆ ಎಷ್ಟು ದೂರದವರೆಗೆ? ಕಾರನ್ನು ಬೆನ್ನ ಮೇಲೆ ಹೊತ್ತು ತರುವ ರಿಕವರಿ ಲಾರಿಯವರು ಎಷ್ಟು ಕೇಳುತ್ತಾರೆ? ಪಿಕಪ್ಪಿನ ವಿಮಾ ಪತ್ರವನ್ನೂ ಒಮ್ಮೆ ತೆಗೆದು ಓದಿ. ಇನ್ನೊಂದು ವಾಹನ ಎಳೆಯುವಾಗ ಯಾವ ಷರತ್ತು ಇದೆಯೆಂಬುದು ಅದರಲ್ಲಿರುತ್ತದೆ.

ಹೆಚ್ಚಿನವರಿಗೆ ಈ ಮೂರರಲ್ಲಿ ಒಂದು ದಾರಿ ಪಿಕಪ್ಪಿಗಿಂತ ಅಗ್ಗವಾಗಿಯೇ ಕಾಣುತ್ತದೆ. ಹಾಗಿದ್ದಾಗ ಮನೆಮಂದಿ ಹೊಸಪೇಟೆಯಲ್ಲಿ ಬಸ್ಸು ಹತ್ತಿ ಊರಿಗೆ ಬರಲಿ, ಕಾರು ಎರಡು ದಿನ ತಡವಾಗಿ ಬರಲಿ. ಅದರಿಂದ ಯಾರಿಗೂ ನಷ್ಟವಿಲ್ಲ.