ಬರಿಯ ಪೊಟ್ಟಣದ ಕೆಲಸ

ಹಾನಗಲ್ಲ ತಾಲೂಕಿನ ಆಡೂರಿನಲ್ಲಿ ದೊರೆತ ಚಾಲುಕ್ಯರ ಕಾಲದ ಶಾಸನವೊಂದನ್ನು, ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಂ ಉಳ್ಳ ಗಣಕಯಂತ್ರದಲ್ಲಿ ನಾವು ಹೊಸಗನ್ನಡ ಲಿಪಿಗೆ ಇಳಿಸಬೇಕೆಂದಿರುವೆವು ಎನ್ನೋಣ. ಕನ್ನಡದ ಫಾಂಟುಗಳಿಗಾಗಿ 'ಫಾಂಟ್ಸ್-ಕೆಎನ್‌ಡಿಎ' ಎಂಬ ಪೊಟ್ಟಣವನ್ನು ಕೇಳುತ್ತೇವೆ. ಸೋಜಿಗವೆಂದರೆ, ಅದರೊಳಗೆ ಒಂದಕ್ಷರದ ಆಕಾರವೂ ಇಲ್ಲ! ಗುಬ್ಬಿ, ನವಿಲು, ಲೋಹಿತ್ ಎಂಬ ಮೂರು ಫಾಂಟುಗಳ ಪೊಟ್ಟಣಗಳು ತನಗೆ ಬೇಕೆಂಬ ಒಕ್ಕಣೆಯೇ ಅದರ ಸಾರ. 'ಆಪ್ಟ್' ಎಂಬ ತಂತ್ರಾಂಶವು ಇದನ್ನೋದಿ, ಗಣಕದಲ್ಲಿ ಇಲ್ಲದವುಗಳನ್ನು ಡೆಬಿಯನ್ನಿನ ಭಂಡಾರದಿಂದ ತಾನೇ ತರಿಸುತ್ತದೆ. ಒಂದು ತಂತ್ರಾಂಶವು ಮತ್ತೊಂದನ್ನು ಹೀಗೆ ನೆಚ್ಚಿರುವುದಕ್ಕೆ ಅವಲಂಬನೆಯೆಂದು ಹೆಸರು.

ವಿಂಡೋಸಿನ ವಾಡಿಕೆ ಬೇರೆ. ಅಲ್ಲಿ ತಂತ್ರಾಂಶವು ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬರುತ್ತದೆ. ಆದರೆ ವಿಂಡೋಸ್ 95ರ ದಿನಗಳಲ್ಲಿ, ಹೀಗೆ ತಂದ 'ಡಿಎಲ್‌ಎಲ್' ಕಡತಗಳು ಹಲವು ವೇಳೆ ಒಂದೇ ಸಾಮಾನ್ಯ ಕೋಶವನ್ನು ಸೇರುತ್ತಿದ್ದವು. ಹೊಸ ಕಡತವು ಅದೇ ಹೆಸರಿನ ಬೇರೊಂದನ್ನು ಅಳಿಸಿ ಕುಳಿತರೆ, ಅದುವರೆಗೆ ನೆಟ್ಟಗೆ ನಡೆಯುತ್ತಿದ್ದ ಮತ್ತೊಂದು ತಂತ್ರಾಂಶವು ಕೆಟ್ಟು ನಿಲ್ಲುತ್ತಿತ್ತು. ವ್ಯವಸ್ಥೆಯ ಮುಖ್ಯ ಕಡತಗಳಿಗೆ ಕಾವಲು ದೊರೆತದ್ದು ವಿಂಡೋಸ್ 2000ದಲ್ಲಿ.

ಹಾಗಾದರೆ ಬುತ್ತಿಯನ್ನು ಪ್ರತ್ಯೇಕವಾಗಿಯೇ ಇಟ್ಟುಕೊಳ್ಳುವುದು ಲೇಸೇ? ನಮಗೆ ಅದೂ ಪೂರಾ ಒಪ್ಪಿಗೆಯಿಲ್ಲ. 2014ರಲ್ಲಿ, ಅಂತರಜಾಲದ ಸಂದೇಶಗಳ ಗುಟ್ಟನ್ನು ಕಾಯುವ ಓಪನ್‌ಎಸ್‌ಎಸ್‌ಎಲ್‌ನಲ್ಲಿಯೇ 'ಹಾರ್ಟ್‌ಬ್ಲೀಡ್' ಎಂಬ ಬಿರುಕು ಕಂಡಿತು. ಡೆಬಿಯನ್ ಗಣಕಗಳಲ್ಲಿ ಹಂಚಿಕೊಂಡಿದ್ದ ಆ ಒಂದು ಪೊಟ್ಟಣವನ್ನು ತಿದ್ದಿ, ಅದನ್ನು ನೆಚ್ಚಿದ್ದ ತಂತ್ರಾಂಶಗಳನ್ನು ಮರಳಿ ಚಾಲೂ ಮಾಡಲಾಯಿತು. ಅದರ ಪ್ರತಿಯನ್ನು ತಮ್ಮ ಬುತ್ತಿಯಲ್ಲೇ ಹೊತ್ತಿದ್ದ ತಂತ್ರಾಂಶಗಳನ್ನಾದರೋ ಒಂದೊಂದಾಗಿ ಹುಡುಕಿ ತಿದ್ದಬೇಕಾಯಿತು.