ಬೆಸುಗೆ ಹಾಕೋದಾ, ಬಿಲ್ ಹಾಕಿಸೋದಾ?

ಗಾಜನೂರಿನ ಅಣ್ಣಾವ್ರ ಹಾಡಿರಲಿ, ನೀಲಗಾರರ ಮಂಟೇಸ್ವಾಮಿ ಕಥೆಯಿರಲಿ, ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಿದರೆ ಅರ್ಧ ಕೇಳಿದಂತೆಯೇ. ತಂಬೂರಿಯ ನಾದ ಸೊರಗುತ್ತದೆ, ಡಿಕ್ಕಿಯ ಪೆಟ್ಟು ಮಾಯವಾಗುತ್ತದೆ. ಆಂಪ್ಲಿಫೈಯರ್ ಬೇಕೆನಿಸುವುದು ಆಗಲೇ. ಚಾಮರಾಜನಗರ, ಗುಂಡ್ಲುಪೇಟೆ ಕಡೆ ಸೋಲ್ಡರಿಂಗ್ ಐರನ್ ಹಿಡಿದು ಪಳಗಿದವರಿಗೆ ಬೆನ್ನಿಗೇ ಇನ್ನೊಂದು ಆಸೆ: ಅಂಗಡಿಯದು ಯಾಕೆ, ನಾವೇ ಜೋಡಿಸಿದರಾಗದೆ?

ಆಗುತ್ತದೆ. ಆದರೆ ದುಡ್ಡು ಎಲ್ಲಿ ಉಳಿಯುತ್ತದೆ, ಎಲ್ಲಿ ಸೋರುತ್ತದೆ ಎಂಬುದು ಮೊದಲೇ ಗೊತ್ತಿರಬೇಕು.

ಬೋರ್ಡ್ ಅಗ್ಗ, ಉಳಿದದ್ದು ದುಬಾರಿ

ಅಗ್ಗದ ದಾರಿ ‘4440 ಬೋರ್ಡ್’. ಇದರಲ್ಲಿರುವುದು ಸ್ಯಾನ್ಯೊ ಕಂಪನಿ ರೂಪಿಸಿದ ಎಲ್‌ಎ4440 ಐಸಿ. 12 ವೋಲ್ಟ್ ಬ್ಯಾಟರಿಗೇ ಓಡುವುದರಿಂದ ಕರೆಂಟ್ ಹೋದರೂ ಹಾಡು ನಿಲ್ಲದು. ಸ್ಟೀರಿಯೊದಲ್ಲಿ ಒಂದೊಂದು ಕಡೆ 6 ವ್ಯಾಟ್, ಬ್ರಿಡ್ಜ್ ಮಾಡಿದರೆ 19 ವ್ಯಾಟ್. ಜೇಬಿಗೆ ಭಾರವಾಗುವುದು ಬೋರ್ಡ್ ಅಲ್ಲ. ಟ್ರಾನ್ಸ್‌ಫಾರ್ಮರ್, ಹೀಟ್ ಸಿಂಕ್, ಕ್ಯಾಬಿನೆಟ್. ಎಲ್ಲವನ್ನೂ ಹೊಸದಾಗಿ ಕೊಂಡರೆ ಉಳಿತಾಯದ ಮಾತು ಅಲ್ಲಿಗೇ ಮುಗಿಯಿತು.

ಟ್ರಾನ್ಸ್‌ಫಾರ್ಮರ್ ಆರಿಸುವುದರಲ್ಲೂ ಎಚ್ಚರ ಬೇಕು. 12-0-12 ತಂದರೆ ಡಯೋಡ್, ಕೆಪಾಸಿಟರ್ ದಾಟಿದ ಮೇಲೆ ಸಿಗುವುದು 12 ವೋಲ್ಟ್ ಅಲ್ಲ, ಎರಡೂ ಕಡೆ ಸುಮಾರು 16–17. 4440 ಬಿಟ್ಟು ಟಿಡಿಎ2030 ಐಸಿಯ ಬೋರ್ಡ್ ಆರಿಸಿದ್ದರೆ, ಅದು ತಡೆಯುವುದು ಎರಡೂ ಕಡೆ 18 ವೋಲ್ಟ್ ಮಾತ್ರ. ಮನೆಯ ವೋಲ್ಟೇಜ್ ತುಸು ಏರಿದರೂ ಅದರ ಆಯುಸ್ಸು ಮುಗಿದೀತು. 22 ವೋಲ್ಟ್‌ವರೆಗೆ ತಡೆಯುವ ಟಿಡಿಎ2030ಎ ಹಾಕುವುದೇ ಜಾಣತನ. 230 ವೋಲ್ಟ್ ಬರುವ ಕಡೆ ಫ್ಯೂಸ್, ಅರ್ಥಿಂಗ್, ಮುಚ್ಚಳ ಮೂರೂ ಇರಲೇಬೇಕು.

ಈ ತಾಪತ್ರಯವೆಲ್ಲ ಬೇಡವೆಂದರೆ ಮೂಲೆಯಲ್ಲಿ ಬಿದ್ದಿರುವ 19 ವೋಲ್ಟ್‌ನ ಲ್ಯಾಪ್‌ಟಾಪ್ ಚಾರ್ಜರ್ ಹುಡುಕಿ. ಟಿಪಿಎ3116 ಐಸಿಯ ಕ್ಲಾಸ್-ಡಿ ಬೋರ್ಡ್ 26 ವೋಲ್ಟ್‌ವರೆಗೂ ಓಡುತ್ತದೆ, ಬಿಸಿಯಾಗುವುದೂ ಕಡಿಮೆ. ಟ್ರಾನ್ಸ್‌ಫಾರ್ಮರಿನ ಖರ್ಚು ಉಳಿಯಿತು, ಮೇನ್ಸ್ ಮುಟ್ಟುವ ಅಪಾಯವೂ ತಪ್ಪಿತು. ನಿಜವಾದ ಉಳಿತಾಯ ಇರುವುದು ಇಲ್ಲೇ.

ವ್ಯಾಟಿನ ಮೋಹ

ಡಬ್ಬಿಯ ಮೇಲೆ ಸಾವಿರಗಟ್ಟಲೆ ‘ಪಿಎಂಪಿಒ’ ಬರೆದಿದ್ದರೆ ಮರುಳಾಗಬೇಡಿ, ಆರ್‌ಎಂಎಸ್ ವ್ಯಾಟ್ ಎಷ್ಟೆಂದು ಕೇಳಿ. ವ್ಯಾಟ್ ಇಮ್ಮಡಿಯಾದರೆ ಶಬ್ದ ಏರುವುದು 3 ಡೆಸಿಬೆಲ್ ಅಷ್ಟೇ. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು 10 ಪಟ್ಟು ವ್ಯಾಟ್ ಬೇಕು. ನಡುಮನೆಯಲ್ಲಿ ಕೂತು ಕೇಳಲು ಹತ್ತಿಪ್ಪತ್ತು ವ್ಯಾಟ್ ಧಾರಾಳ. ಉಳಿದ ದುಡ್ಡು ಒಳ್ಳೆಯ ಸ್ಪೀಕರಿಗೆ ಹೋಗಲಿ.

ಜಾತ್ರೆಯ ಲೆಕ್ಕ ಬೇರೆ

ಆಷಾಢದ ಚಾಮರಾಜೇಶ್ವರ ರಥೋತ್ಸವದಂಥ ಕಡೆ ಮನೆಯಲ್ಲಿ ಜೋಡಿಸಿದ್ದನ್ನು ಕೊಂಡೊಯ್ಯಬೇಡಿ. ಬೀದಿಯುದ್ದ ಹಾರ್ನ್ ಕಟ್ಟಲು 100 ವೋಲ್ಟ್ ಲೈನ್ ಔಟ್‌ಪುಟ್ ಬೇಕು. ಉದ್ದ ವೈರಿನಲ್ಲಿ ಶಕ್ತಿ ವ್ಯರ್ಥವಾಗದಿರಲು ಮಾಡಿಕೊಂಡ ವ್ಯವಸ್ಥೆ ಅದು. ಸಣ್ಣ ಬೋರ್ಡ್‌ಗಳು ನೇರವಾಗಿ ನಡೆಸುವುದು 4–8 ಓಮ್ ಸ್ಪೀಕರುಗಳನ್ನಷ್ಟೇ. ಮೇಲಾಗಿ ಗಂಟೆಗಟ್ಟಲೆ ಓಡಬೇಕು, ಮಳೆಗಾಲದಲ್ಲಿ ಜನರ ನಡುವೆ ಇರಬೇಕು. ಅಹುಜಾದಂಥ ಕಂಪನಿಗಳ ಸೆಟ್ಟನ್ನು ಬಿಲ್, ವಾರಂಟಿ ಸಮೇತ ಕೊಳ್ಳುವುದೇ ಕ್ಷೇಮ. ಯಾವ ಸೆಟ್ಟೇ ಆದರೂ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎನ್ನುತ್ತವೆ 2000ದ ಶಬ್ದಮಾಲಿನ್ಯ ನಿಯಮಗಳು.

ಒಟ್ಟಿನಲ್ಲಿ, ಮನೆಗಾದರೆ ಕಟ್ಟಿ, ಊರಿಗಾದರೆ ಕೊಳ್ಳಿ. ಕಟ್ಟುವವರು ಅಂಗಡಿಗೆ ಹೋಗುವ ಮೊದಲು ಮನೆಯ ಅಟ್ಟ ಹತ್ತಿ ನೋಡಿ. ಬೇಕಾದ ಅರ್ಧ ಸಾಮಾನು ಅಲ್ಲೇ ಸಿಕ್ಕೀತು.