ಪೈಲಟ್ ಲೈಸೆನ್ಸ್ ಬಂತು, ಮುಂದೇನು?

ಉಜಳಾಯಿವಾಡಿಯಿಂದ ವಿಮಾನ ಏಳುವುದನ್ನು ನೋಡುತ್ತ ಬೆಳೆದ ಮಕ್ಕಳು ಈಗ ಪೈಲಟ್ ಆಗುತ್ತೇವೆ ಎನ್ನುತ್ತಿದ್ದಾರೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಪಾಲಕರು ನಮ್ಮನ್ನು ಕೇಳುವುದು ತರಬೇತಿಯ ಖರ್ಚಿನ ಬಗ್ಗೆ. ತರಬೇತಿ ಮುಗಿದ ಮೇಲೆ ನೌಕರಿಗಾಗಿ ಕಾಯುವ ದಿನಗಳ ಬಗ್ಗೆ ಕೇಳುವವರು ಕಡಿಮೆ. ಹೊಲ ಅಡವಿಟ್ಟು ಸಾಲ ತೆಗೆದ ಮನೆಗೆ ಆ ದಿನಗಳೇ ಭಾರ.

ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ಗಣಿತ. ಡಿಜಿಸಿಎ ಪರೀಕ್ಷೆಗಳು, ಮೊದಲ ದರ್ಜೆಯ ವೈದ್ಯಕೀಯ ತಪಾಸಣೆ, 200 ಗಂಟೆ ಹಾರಾಟ. ಇವೆಲ್ಲ ಆದರೆ ಸಿಪಿಎಲ್ ಸಿಗುತ್ತದೆ. ಶಾಲೆಗಳು ಹತ್ತಿರದಲ್ಲೇ ಇವೆ: ಬೆಳಗಾವಿಯ ಸಾಂಬ್ರಾ, ಬಾರಾಮತಿ. ಆದರೆ ಏರ್‌ಲೈನ್ ವಿಮಾನ ನಡೆಸಲು ಎ320 ಅಥವಾ ಎಟಿಆರ್ 72 ರಂಥ ಆಯಾ ವಿಮಾನದ ಟೈಪ್ ರೇಟಿಂಗ್ ಬೇರೆ ಬೇಕು. ಅದಕ್ಕೆ ಮತ್ತೆ ಲಕ್ಷಗಟ್ಟಲೆ ಹಣ. ಮೊದಲೇ ಮಾಡಿಸಬೇಕೋ, ಆಯ್ಕೆಯಾದ ಮೇಲೋ? ಯಾವ ವಿಮಾನದ್ದು? ಇಲ್ಲಿ ತಪ್ಪಿದರೆ ದುಡ್ಡು ಮುಳುಗಿದ ಹಾಗೆ. ಇದನ್ನು ಪುಸ್ತಕ ಹೇಳುವುದಿಲ್ಲ, ಆ ದಾರಿಯಲ್ಲಿ ಹೋದವರು ಹೇಳಬೇಕು.

2012ರಲ್ಲಿ ಕಿಂಗ್‌ಫಿಶರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಆಗ ಸಾವಿರಾರು ಗಂಟೆ ಹಾರಿದವರೂ ಕೆಲಸ ಹುಡುಕಬೇಕಾಯಿತು. ಅಂಥ ಕಾಲ ಕಂಡವರೇ ಒಳ್ಳೆಯ ಮಾರ್ಗದರ್ಶಕರು ಎಂಬುದು ನಮ್ಮ ಅಭಿಪ್ರಾಯ. ಅವರು ಸುಮ್ಮನೆ ಆಸೆ ಹುಟ್ಟಿಸುವುದಿಲ್ಲ.

ಅವರನ್ನು ಹುಡುಕುವುದು ಕಷ್ಟವಲ್ಲ. ನಿಮ್ಮ ತರಬೇತಿ ಶಾಲೆಯಲ್ಲಿ ಮೊದಲು ಕಲಿತವರು, ನಿಮಗೆ ಹಾರಲು ಕಲಿಸಿದ ಇನ್‌ಸ್ಟ್ರಕ್ಟರ್. ಇನ್‌ಸ್ಟ್ರಕ್ಟರುಗಳಲ್ಲಿ ಅನೇಕರು ಗಂಟೆ ಕೂಡಿಸಿಕೊಂಡು ಏರ್‌ಲೈನಿಗೆ ಹೋಗುತ್ತಾರೆ. ಸಂದೇಶ ಚಿಕ್ಕದಿರಲಿ: ಹೆಸರು, ಊರು, ಹಾರಿದ ಗಂಟೆ, ಒಂದೇ ಪ್ರಶ್ನೆ. "ಸರ್, ಕೆಲಸ ಕೊಡಿಸಿ" ಎನ್ನಬೇಡಿ. ಆಯ್ಕೆ ನಡೆಯುವುದು ಲಿಖಿತ ಪರೀಕ್ಷೆ, ಸಿಮ್ಯುಲೇಟರ್, ಸಂದರ್ಶನಗಳ ಮೇಲೆ. ಒಬ್ಬ ಕ್ಯಾಪ್ಟನ್ ಹೇಳಿದ ಮಾತ್ರಕ್ಕೆ ಅಲ್ಲ. "ಅರ್ಧ ಗಂಟೆ ಸಂದರ್ಶನದ ಅಭ್ಯಾಸ ಮಾಡಿಸುತ್ತೀರಾ?" ಎಂದು ಕೇಳಿ. ಮರಾಠಿ, ಕನ್ನಡ ಮಾಧ್ಯಮದಿಂದ ಬಂದ ನಮ್ಮ ಮಕ್ಕಳಿಗೆ ವಿಷಯ ಗೊತ್ತಿರುತ್ತದೆ, ಇಂಗ್ಲಿಷಿನಲ್ಲಿ ಹೇಳುವಾಗ ತಡವರಿಸುತ್ತಾರೆ. ಈ ಅಭ್ಯಾಸ ಅಲ್ಲಿ ಬಹಳ ಉಪಯೋಗ. ಫಲಿತಾಂಶ ಏನೇ ಆದರೂ ಅವರಿಗೆ ತಿಳಿಸಿ. ಉತ್ತರ ತಡವಾದರೆ ಬೇಸರ ಬೇಡ, ಅವರ ಡ್ಯೂಟಿಗೆ ಹಗಲು ರಾತ್ರಿ ಇಲ್ಲ.

ಕಾಯುವಾಗ ಮೆಡಿಕಲ್, ಇನ್‌ಸ್ಟ್ರುಮೆಂಟ್ ರೇಟಿಂಗ್ ಅವಧಿ ಮುಗಿಯದಂತೆ ನೋಡಿಕೊಳ್ಳಿ. ಎರಡನ್ನೂ ವರ್ಷಕ್ಕೊಮ್ಮೆ ನವೀಕರಿಸಬೇಕು. ಸ್ಟಾರ್ ಏರ್ ನಡೆಸುವ ಘೋಡಾವತ್ ಸಮೂಹ ನಮ್ಮ ಜಿಲ್ಲೆಯದೇ, ನಿಜ. ಆದರೂ ಅರ್ಜಿ ಹಾಕುವುದು ಕಂಪನಿಯ ಅಧಿಕೃತ ಜಾಲತಾಣದಲ್ಲೇ. ಸೀಟು ಕೊಡಿಸುತ್ತೇನೆಂದು ಹಣ ಕೇಳುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಮ್ಮ ಭಾಗದವರಾಗಿದ್ದು ಈಗ ವಿಮಾನ ನಡೆಸುತ್ತಿರುವವರು, ವಾಯುಪಡೆಯಿಂದ ನಿವೃತ್ತರಾದವರು ನಿಮ್ಮ ಪರಿಚಯದಲ್ಲಿದ್ದರೆ ಸಂಘಕ್ಕೆ ತಿಳಿಸಿ. ತಿಂಗಳಿಗೊಮ್ಮೆ ಅರ್ಧ ಗಂಟೆ ಫೋನಿನಲ್ಲಿ ಮಾತನಾಡಿದರೂ ಸಾಕು.